ಹನ್ನೊಂದು ಭಾಷೆ ಬಲ್ಲ ನಮ್ಮ ಮಾಮಾ

ನಮ್ಮ ಮಾಮಾನಿಗೆ ಹನ್ನೊಂದು ಭಾಷೆ ಬರುತ್ತವೆ. ಆ ಹನ್ನೊಂದರಲ್ಲಿ ಹತ್ತರಲ್ಲಿ ಕುಡಿಯಲು ನೀರು ಕೇಳಲು ಬರುವುದಿಲ್ಲ!

ನಗಬೇಡಿ. ಇದನ್ನು ಅವನೆದುರು ಹೇಳಿದರೆ, "ನೀರ್ಯಾಕ ಕೇಳಬೇಕವಾ? ಅಂಗಡ್ಯಾಗ ಕೊಡ ಐತಲ್ಲ" ಅನ್ನುತ್ತಾನೆ. ಮಾಮಾ ಎಂದರೆ ನನ್ನ ಅವ್ವನ ತಮ್ಮ. ಮನೆ ತಿಕೋಟಾದಲ್ಲಿ, ಅಂಗಡಿ ವಿಜಯಪುರದಲ್ಲಿ, ಗೋಳಗುಮ್ಮಟಕ್ಕೆ ಹೋಗುವ ರಸ್ತೆಯ ಸಾಲಿನಲ್ಲಿ. ಟೋಪಿ, ಗಾಗಲ್, ಬೀಸಣಿಕೆ, ಕೀಲಿಗೊಂಚಲು, ಅಂಗೈ ಮೇಲೆ ಕೂರುವ ಪುಟಾಣಿ ಗುಮ್ಮಟ, ಜೊತೆಗೆ ನಮ್ಮ ಕಡೆಯ ಒಣದ್ರಾಕ್ಷಿ. ದೇಶದ ಯಾವ ಮೂಲೆಯಿಂದ ಬಸ್ಸು ಬಂದು ನಿಂತರೂ, ಇಳಿಯುವವರ ಚಪ್ಪಲಿ ಮತ್ತು ಹಣೆ ನೋಡಿಯೇ ಯಾವ ಭಾಷೆ ತೆಗೆಯಬೇಕೆಂದು ಮಾಮಾ ನಿರ್ಧರಿಸುತ್ತಾನೆ. "ಬರ್ರಿ ಬರ್ರಿ, ನೋಡ್ರಿ, ಪಕ್ಕಾ ಬಣ್ಣ, ಭಾಳ ಚಲೋ ಮಾಲು, ತಗೊಂಡು ಹೋಗ್ರಿ." ಇಷ್ಟನ್ನು ಅವನು ತಮಿಳಿನಲ್ಲಿ, ತೆಲುಗಿನಲ್ಲಿ, ಗುಜರಾತಿಯಲ್ಲಿ, ಬಂಗಾಳಿಯಲ್ಲಿ ಹೇಳಿದರೆ ಅಲ್ಲಿಯೇ ಹುಟ್ಟಿ ಅಲ್ಲಿಯೇ ಹಲ್ಲು ಬಂದವನ ಹಾಗೆ ಕೇಳಿಸುತ್ತದೆ. ಅಂಗಡಿಗೆ ಬೇಕಾದ ಹತ್ತಿಪ್ಪತ್ತು ವಾಕ್ಯ. ಅದರಾಚೆ ಗೋಡೆ!

ನಾನು ಚಿಕ್ಕವಳಿದ್ದಾಗ ಶಾಲೆಗೆ ಸೂಟಿ ಬಿಟ್ಟರೆ ಆ ಅಂಗಡಿಯಲ್ಲೇ ಕೂತಿರುತ್ತಿದ್ದೆ. ಒಂದು ಸಲ ಮದುರೈ ಕಡೆಯ ಅಜ್ಜಿಯೊಬ್ಬಳು ಮಾಮಾನ ತಮಿಳು ಕೇಳಿ ಹರ್ಷದಿಂದ ಅಲ್ಲೇ ಕುಕ್ಕರಿಸಿದಳು. ಎಷ್ಟು ದೂರ ಬಂದು ತನ್ನೂರಿನ ಮಗ ಸಿಕ್ಕನಲ್ಲ! ಗಲ್ಲ ಹಿಡಿದು, ಯಾವ ಊರಪ್ಪಾ, ಯಾರ ಮಗ ನೀನು, ಎಂದು ಕೇಳಿದಳು. ಮಾಮಾ ಆಚೆ ಈಚೆ ನೋಡಿದ. ಶುದ್ಧ ತಮಿಳಿನಲ್ಲಿ, "ತಣ್ಣೀರಿನಲ್ಲಿ ತೊಳೆಯಿರಿ, ಬಣ್ಣ ಬಿಡುವುದಿಲ್ಲ" ಅಂದ. ಅಜ್ಜಿ ಕಣ್ಣು ಪಿಳುಕಿಸಿದಳು. ಮದುವೆ ಆಗಿದೆಯೇನಪ್ಪಾ ಎಂದು ಕೇಳಿದಳು. ಮಾಮಾ ಇನ್ನಷ್ಟು ವಿನಯದಿಂದ, "ಎರಡು ತಗೊಂಡರೆ ಚಲೋ" ಅಂದ!

ಅಜ್ಜಿಯನ್ನು ಕರೆದುಕೊಂಡು ಹೋಗಿ ಬಸ್ಸು ಹತ್ತಿಸಿದವನು ಅವಳ ಮೊಮ್ಮಗ. ಹೋಗುವಾಗ ಅವನು ಮಾಮಾನನ್ನು ನೋಡಿದ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

ಯಾಕೆ ಹೀಗೆ? ಹೊಸ ಭಾಷೆ ಕಲಿಯಲು ಹೊರಟವರು ಅರ್ಧದಾರಿಯಲ್ಲಿ ಯಾಕೆ ಬಿಡಾರ ಹೂಡಿಬಿಡುತ್ತಾರೆ? ನಾನು ಅಥಣಿ ರಸ್ತೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು, ಹಾಗಾಗಿ ಈ ಪ್ರಶ್ನೆ ನನ್ನ ಹೊಟ್ಟೆಪಾಡಿನದೂ ಹೌದು. ಮಾಮಾನ ವಿಷಯದಲ್ಲಿ ಉತ್ತರ ಸುಲಭ. ಗಿರಾಕಿ ಟೋಪಿ ಹಾಕಿಕೊಂಡು ಹೊರಟ ಕ್ಷಣಕ್ಕೆ ಪಾಠ ಮುಗಿಯಿತು. ತಪ್ಪು ತಿದ್ದಲು ಯಾವ ಗಿರಾಕಿ ನಿಲ್ಲುತ್ತಾನೆ? ಬದಲಿಗೆ, "ವಾಹ್, ಎಷ್ಟು ಚೆಂದ ಮಾತಾಡುತ್ತೀರಿ!" ಎಂದು ಬೆನ್ನು ತಟ್ಟಿ ಹೋಗುತ್ತಾನೆ. ಹೊಗಳಿಸಿಕೊಂಡ ಮೇಲೆ ಮುಂದೆ ಕಲಿಯುವ ದರ್ದು ಯಾರಿಗೆ?

ಸತ್ಯ ಹೇಳಬೇಕೆಂದರೆ ನನ್ನದೂ ಅದೇ ಕಥೆ. ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಆ ಭಾಷೆಯಲ್ಲಿ ಪಾಠ ಮಾಡಬಲ್ಲೆ, ರಜೆ ಚೀಟಿ ಬರೆಯಬಲ್ಲೆ, ಮುಖ್ಯೋಪಾಧ್ಯಾಯರಿಗೆ ಶುಭಾಶಯ ಕೋರಬಲ್ಲೆ. ಜಗಳ ಮಾಡಲು ಬರುವುದಿಲ್ಲ! ಸಿಟ್ಟು ನೆತ್ತಿಗೇರಿದರೆ ನಾನು ಪಕ್ಕಾ ತಿಕೋಟಾದವಳು. ಒಮ್ಮೆ ಹೈದರಾಬಾದಿನ ಅಧಿಕಾರಿಯೊಬ್ಬರ ಮೇಲೆ ಇಂಗ್ಲಿಷಿನಲ್ಲಿ ರೇಗಲು ಹೋಗಿ, ಸೌಖ್ಯವೇ ಎಂದು ವಿಚಾರಿಸಿ ಬಂದಿದ್ದೆ. ಇಂಥವಳು ಮಾಮಾನನ್ನು ಆಡಿಕೊಳ್ಳುವುದು ಎಷ್ಟು ಸರಿ? ಆದರೂ ಆಡಿಕೊಳ್ಳುತ್ತೇನೆ, ಅವನು ನನ್ನ ಮಾಮಾ.

ಹೀಗಿರಲು, ಮಾಮಾನ ಒಬ್ಬಳೇ ಮಗಳು ವಿದ್ಯಾ ಬಾಂಬು ಹಾಕಿದಳು. ಅವಳು ಹುಬ್ಬಳ್ಳಿಯ ಬ್ಯಾಂಕಿನಲ್ಲಿ ನೌಕರಿ ಮಾಡುತ್ತಾಳೆ. ಅದೇ ಬ್ಯಾಂಕಿನಲ್ಲಿರುವ ಬಂಗಾಳಿ ಹುಡುಗನನ್ನು ಮದುವೆಯಾಗುತ್ತೇನೆ ಅಂದಳು. ಮನೆಯಲ್ಲಿ ಒಲೆ ಮೇಲಿನ ಹಾಲು ಉಕ್ಕಿದ್ದು ಯಾರಿಗೂ ಗೊತ್ತಾಗಲಿಲ್ಲ. ಮಾಮಾನ ಹೆಂಡತಿ, ಅಂದರೆ ನಮ್ಮ ಅತ್ತಿ, ಗೋಡೆಗೆ ಒರಗಿ ಕೂತುಬಿಟ್ಟಳು.

"ಯಪ್ಪಾ! ಅವ್ರು ಮೀನಾ ತಿಂತಾರಂತ! ನೀವರ ಏನರ ಅನ್ರಿ!"

ಎಲ್ಲರೂ ಮಾಮಾನ ಮುಖ ನೋಡಿದೆವು. ಮಾಮಾ ಮೀಸೆ ಸವರಿಕೊಂಡ. ಅವನ ಮುಖದಲ್ಲಿ ಮೆಲ್ಲಗೆ ಒಂದು ಬೆಳಕು ಬಂತು.

"ಬಂಗಾಳಿ ಏನ? ಬಂಗಾಳಿ ನನಗ ಬರತೈತಿ!"

ಅಷ್ಟೇ. ಒಪ್ಪಿಗೆ ಆಯಿತು! ಅತ್ತಿ ಹಣೆ ಹಣೆ ಬಡಿದುಕೊಂಡಳು. "ಹುಡುಗ ಹೆಂಗದಾನ, ಮನಿತನ ಹೆಂಗೈತಿ, ಕೇಳೂದು ಬಿಟ್ಟು ಭಾಷಾ ಬರತೈತಿ ಅಂತೀರಲ್ರಿ!" ಮಾಮಾ ಎದ್ದು ಅಂಗಿ ಹಾಕಿಕೊಳ್ಳುತ್ತ, "ಮಾತು ಬಂದ್ರ ಎಲ್ಲಾ ಕೇಳಬಹುದಲ್ಲಬೇ" ಅಂದ. ಹುಡುಗನ ಬಗ್ಗೆ ಆಮೇಲೆ ನಾವೆಲ್ಲ ವಿಚಾರಿಸಿದೆವು, ಒಳ್ಳೆಯವನೇ. ತಂದೆ ಇಲ್ಲ, ತಾಯಿಯೊಬ್ಬಳೇ, ಕೋಲ್ಕತ್ತಾದ ಆಚೆ ಒಂದು ಊರಿನಲ್ಲಿ. ಆಕೆಗೆ ಬಂಗಾಳಿ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಮದುವೆಯಾದ ಮೇಲೆ ಇಬ್ಬರೂ ವರ್ಗ ಮಾಡಿಸಿಕೊಂಡು ಆಕೆಯ ಜೊತೆಗೇ ಇರುವುದೆಂದು ತೀರ್ಮಾನವಾಯಿತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮದುವೆಯ ಕಡೆಗೆ, ಊಟವೆಲ್ಲ ಮುಗಿದ ಮೇಲೆ, ಮಗಳನ್ನು ಅತ್ತೆಯ ಉಡಿಯಲ್ಲಿ, ಅಂದರೆ ಮಡಿಲಲ್ಲಿ, ಹಾಕುತ್ತೇವೆ. ಹುಡುಗನ ತಾಯಿ ಸೆರಗು ಹಾಸಿ ಕೂರುತ್ತಾಳೆ. ಹುಡುಗಿಯ ತಂದೆ ಮಗಳ ಕೈಯನ್ನು ಆಕೆಯ ಕೈಗಿಟ್ಟು, ಎಲ್ಲರೆದುರು ನಾಲ್ಕು ಮಾತು ಹೇಳಬೇಕು. "ನಿಮ್ಮ ಉಡ್ಯಾಗ ಹಾಕೇವ್ರಿ. ಇನ್ನ ಮ್ಯಾಲ ನಿಮ್ಮ ಮಗಳು. ಇನ್ನೂ ಸಣ್ಣಾಕಿ, ತಪ್ಪು ಮಾಡಿದ್ರ ಹೊಟ್ಟ್ಯಾಗ ಹಾಕ್ಕೊರ್ರಿ." ಈ ಮಾತು ಆಗದೆ ಹುಡುಗಿ ಹೊಸ್ತಿಲು ದಾಟುವುದಿಲ್ಲ.

"ಅಪ್ಪಾ, ನೀ ಕನ್ನಡದಾಗ ಹೇಳು, ಅವ್ರ ಮಗ ಬಂಗಾಳ್ಯಾಗ ಹೇಳ್ತಾರ" ಎಂದು ವಿದ್ಯಾ ಫೋನಿನಲ್ಲಿ ಹೇಳಿದಳು.

"ನನ್ನ ಮಗಳನ್ನ ಕೊಡೂ ಮಾತು ಇನ್ನೊಬ್ಬರ ಬಾಯಿಲೆ ಹೇಳಸ್ಲೇನು? ಆಗಂಗಿಲ್ಲ. ಆ ತಾಯಿಗೆ ನಾನ ಹೇಳತೇನಿ. ಆಕಿ ಭಾಷಾದಾಗ ಹೇಳತೇನಿ." ಹೀಗೆಂದು ಫೋನಿಟ್ಟು ಮಾಮಾ ನೇರ ನನ್ನ ಮನೆಗೆ ಬಂದ. ಇನ್ನೂರು ಪುಟದ ಹೊಸ ನೋಟುಬುಕ್ಕು ಮೇಜಿನ ಮೇಲಿಟ್ಟ. "ಅಕ್ಕೋರ, ಹಚ್ರಿ ಸಾಲಿ." ಟೀಚರಮ್ಮ, ಶಾಲೆ ಶುರು ಮಾಡಿ ಅಂತ.

ಮದುವೆಗೆ ಎಂಟು ತಿಂಗಳಿತ್ತು. ನನಗೆ ಬಂಗಾಳಿ ಬರುತ್ತಿತ್ತೇ? ಎಲ್ಲಿಂದ ಬರಬೇಕು! ಹುಡುಗನಿಂದ ಬಂಗಾಳಿ ಕಲಿತಿದ್ದ ವಿದ್ಯಾ ದಿನಾ ಫೋನಿನಲ್ಲಿ ನಾಲ್ಕು ವಾಕ್ಯ ಮಾತಾಡಿ ಕಳಿಸುತ್ತಿದ್ದಳು, ನಾನು ಒಂದು ದಿನ ಮೊದಲೇ ಕಲಿತು ಮರುದಿನ ಮಾಮಾನಿಗೆ ಕಲಿಸುತ್ತಿದ್ದೆ. ಶಿಷ್ಯನಿಗಿಂತ ಒಂದು ಪಾಠ ಮುಂದಿದ್ದರೆ ಗುರುವಿಗೆ ಸಾಕು. ನಮ್ಮ ವೃತ್ತಿಯ ಗುಟ್ಟು ಇದು, ಯಾರಿಗೂ ಹೇಳಬೇಡಿ.

ಆದರೆ ಶಿಷ್ಯ ಎಂಥವನು? "ನನ್ನ ಮಗಳು ಮೃದು ಸ್ವಭಾವದವಳು" ಎಂಬ ವಾಕ್ಯ ಕಲಿಸಿದೆ. ಮಾಮಾ ಹತ್ತು ಸಲ ಹೇಳಿದ. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದ.

"ಇದಕ್ಕ ಗಿರಾಕಿ ಏನಂತಾನ?"

"ಗಿರಾಕಿ ಎಲ್ಲಿದಾನ ಮಾಮಾ? ಇದು ಮದುವಿ!"

"ಅವ್ರು ಏನರ ಅನಬೇಕಲ್ಲವಾ. ಅಂದ್ರ ನಾ ಏನರ ಅಂತೇನಿ. ಸುಮ್ನ ಗಾಳಿಗೆ ಹೆಂಗ ಮಾತಾಡ್ಲಿ?"

ಮರುದಿನ ಅದೇ ವಾಕ್ಯ ಕೇಳಿದರೆ, ಸೊನ್ನೆ. ಯಾವ ವಾಕ್ಯದ ಕೊನೆಗೆ ಮಾಲು ಚೀಲಕ್ಕೆ ಬೀಳುವುದಿಲ್ಲವೋ ಆ ವಾಕ್ಯ ಮಾಮಾನ ತಲೆಯಲ್ಲಿ ನಿಲ್ಲುವುದೇ ಇಲ್ಲ! ನನಗೆ ಸಿಟ್ಟು ಬಂದು ನೋಟುಬುಕ್ಕು ಎಸೆದೆ. ಮಾಮಾ ಎತ್ತಿಕೊಂಡು ಧೂಳು ಕೊಡವಿ, "ಪಕ್ಕಾ ಬೈಂಡಿಂಗ್ ಐತಿ, ಹರದಿಲ್ಲ ನೋಡು" ಎಂದ.

ಸರಿ, ನಿಜವಾದ ಬಂಗಾಳಿಯ ಜೊತೆ ಮಾತಾಡಿದರೆ ಬಂದೀತೆಂದು ಹುಡುಕಿದೆವು. ಪೇಟೆಯಲ್ಲಿ ಬಂಗಾರದ ಕೆಲಸ ಮಾಡುವ ಬಂಗಾಳಿಯೊಬ್ಬ ಸಿಕ್ಕ. ವಿಜಯಪುರಕ್ಕೆ ಬಂದು ಬಹಳ ವರ್ಷ ಆಗಿದೆ. ಮಾಮಾ ಸಡಗರದಿಂದ ಹೋಗಿ ಎದುರು ಕೂತು ಬಂಗಾಳಿ ಶುರು ಮಾಡಿದ. ಆ ಮನುಷ್ಯ ಕಷ್ಟಪಟ್ಟು ಕಲಿತ ತನ್ನ ಕನ್ನಡವನ್ನು ಬಿಡಬೇಕಲ್ಲ? ಅವನು ಕನ್ನಡದಲ್ಲೇ ಉತ್ತರ ಕೊಟ್ಟ. ಅವನ ಕನ್ನಡವೂ ಬಂಗಾರದ ಆಚೆ ದಾಟಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ವಾರಗಟ್ಟಲೆ ಇಬ್ಬರೂ ಕೂತರು. ಮಾಮಾ ಬಂಗಾಳಿಯಲ್ಲಿ ಅವನಿಗೆ ಟೋಪಿ ಮಾರಿದ, ಅವನು ಕನ್ನಡದಲ್ಲಿ ಮಾಮಾನಿಗೆ ಉಂಗುರ ಮಾರಿದ!

ಉಳಿದದ್ದು ತಿಕೋಟಾ ಬಸ್ಸು. ದಿನಾ ಹೋಗುವಾಗ ಬರುವಾಗ ಮಾಮಾ ಕಿಟಕಿ ಪಕ್ಕ ಕೂತು, ಫೋನಿನಲ್ಲಿ ವಿದ್ಯಾಳ ದನಿ ಜೋರಾಗಿ ಹಚ್ಚಿ, ಅವಳು ಹೇಳಿದ್ದನ್ನು ಕೂಗಿ ಕೂಗಿ ಹೇಳುತ್ತಿದ್ದ. ಮೊದಲ ವಾರ ಜನ ಬೈದರು. ಎರಡನೆಯ ವಾರ ನಕ್ಕರು. ಮೂರನೆಯ ತಿಂಗಳಿಗೆ ಕಂಡಕ್ಟರು ಬಾಗಿಲಲ್ಲಿ ನಿಂತು, "ಆಶುನ್ ಆಶುನ್, ಒಳಗ ಸರೀರಿ!" ಎಂದು ಜನರನ್ನು ಹತ್ತಿಸತೊಡಗಿದ. ಬನ್ನಿ ಬನ್ನಿ ಅಂತ ಅರ್ಥ. ಮೊಸರು ಮಾರುವ ಯಮನವ್ವನಿಗೆ ಇಡೀ ಒಂಬತ್ತು ಪಾಠ ಬಾಯಿಗೆ ಬಂತು. ಮಾಮಾ ಮರೆತಾಗ ಹಿಂದಿನ ಸೀಟಿನಿಂದ ಅವಳೇ ಹೇಳಿಕೊಡುತ್ತಿದ್ದಳು. ಬಸ್ಸಿಗೆ ಬಸ್ಸೇ ಮುಂದೆ ಹೋಯಿತು, ಮಾಮಾ ಮಾತ್ರ ಸ್ಟ್ಯಾಂಡಿನಲ್ಲೇ ಉಳಿದ.

ಅಷ್ಟರಲ್ಲಿ ಹುಡುಗ ತಾಯಿಯನ್ನು ಕರೆದುಕೊಂಡು ನಮ್ಮನ್ನು ನೋಡಲು ಬಂದ. ಹೊನವಾಡದಲ್ಲಿರುವ ನಮ್ಮ ದ್ರಾಕ್ಷಿ ತೋಟದಲ್ಲಿ ಊಟ ಇಟ್ಟುಕೊಂಡೆವು. ಬೀಗತಿ ಕಾರಿನಿಂದ ಇಳಿದದ್ದೇ ಮಾಮಾ ಅಲ್ಲಿಯವರೆಗಿನ ಆರು ತಿಂಗಳ ಪಾಠವನ್ನು ಎರಡು ನಿಮಿಷದಲ್ಲಿ ಖರ್ಚು ಮಾಡಿಬಿಟ್ಟ. ಬನ್ನಿ ಅಂದ, ನೋಡಿ ಅಂದ, ದ್ರಾಕ್ಷಿ ಪಕ್ಕಾ ಬಣ್ಣ ಅಂದ! ಬೀಗತಿಗೆ ಖುಷಿಯೋ ಖುಷಿ. ತನ್ನ ಭಾಷೆಯ ಬೀಗರು ಸಿಕ್ಕರಲ್ಲ ಎಂದು ಬಳ್ಳಿಯ ನೆರಳಿನಲ್ಲಿ ಕೂತು ಮನಸ್ಸು ಬಿಚ್ಚಿ ಮಾತಾಡತೊಡಗಿದಳು. ಮಾಮಾ ಪ್ರತಿಯೊಂದಕ್ಕೂ ತಲೆಯಾಡಿಸಿ, "ಖೂಬ್ ಭಾಲೋ, ಖೂಬ್ ಭಾಲೋ" ಅನ್ನುತ್ತಿದ್ದ. ಭಾಳ ಚಲೋ ಅಂತ. ಆಕೆ ಮಾತಾಡುತ್ತ ಆಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಮಾ ನಗುತ್ತ, "ಖೂಬ್ ಭಾಲೋ!" ಅಂದ.

ಆಕೆ ಸೆರಗು ಕೆಳಗಿಳಿಸಿ ಮಾಮಾನನ್ನೇ ನೋಡಿದಳು. ವಿದ್ಯಾಳ ಮುಖ ಬಿಳಚಿತು. ಬೀಗತಿ ಹೇಳುತ್ತಿದ್ದದ್ದು, ತನ್ನ ಗಂಡ ತೀರಿಕೊಂಡ ದಿನದ ಕಥೆ.

ಹುಡುಗ ತಾಯಿಗೆ ಏನೇನೋ ಸಮಾಧಾನ ಹೇಳಿದ, ಆಕೆಯೂ ಪಾಪ, ಪರವಾಗಿಲ್ಲ ಎನ್ನುವಂತೆ ಕೈಯಾಡಿಸಿದಳು. ವಿಷಯ ತಿಳಿದ ಮೇಲೆ ಮಾಮಾ ಊಟ ಬಿಟ್ಟು ಎದ್ದ. ಮರುದಿನ ನಾನು ಶಾಲೆ ಮುಗಿಸಿ ಅಂಗಡಿಗೆ ಹೋದರೆ ಎದುರಿಗೆ ಎರಡು ಬಸ್ಸು ಬಂದು ನಿಂತಿವೆ, ಮಾಮಾ ಯಾರನ್ನೂ ಕರೆಯದೆ ಕೂತಿದ್ದಾನೆ. ಮೂವತ್ತು ವರ್ಷದಲ್ಲಿ ಅಂಥದ್ದು ನಾನು ನೋಡಿರಲಿಲ್ಲ.

"ಅಕ್ಕೋರ, ಆಕಿ ಗಂಡ ಸತ್ತದ್ದಕ್ಕ ನಾ ಭಾಳ ಚಲೋ ಅಂದೇನಿ" ಅಂದ. "ನಾಳೆ ನನ್ನ ಮಗಳು ಆಕಿ ಮನ್ಯಾಗ ಇರಾಕಿ. ನಾ ಇಲ್ಲಿಂದ ಓಡಿ ಹೋಗೂವಷ್ಟು ಹತ್ರ ಅಲ್ಲ ಅದು. ಈ ಅಪ್ಪಗ ಮಾತ ತಿಳಿಯಂಗಿಲ್ಲ ಅಂತ ಅವ್ರು ಅನಕೊಂಡ್ರ, ನಾಳೆ ಆಕಿಗೆ ಏನರ ಆದ್ರ ನನಗ ಯಾರು ಹೇಳ್ತಾರ?"

ನನಗೆ ನಗಲು ಆಗಲಿಲ್ಲ. ಆ ಮೇಲೆ ಎಲ್ಲ ಪಾಠ ನಿಲ್ಲಿಸಿದೆವು. ನಾಲ್ಕೇ ನಾಲ್ಕು ವಾಕ್ಯ, ಉಡಿಯಲ್ಲಿ ಹಾಕುವ ಮಾತು, ಅಷ್ಟನ್ನೇ ವಿದ್ಯಾಳಿಂದ ಬಂಗಾಳಿಯಲ್ಲಿ ಹೇಳಿಸಿಕೊಂಡು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದುಕೊಟ್ಟೆ. ನೋಡಿಕೊಂಡು ಓದಿದರೆ ಆಯಿತು. ಮಾಮಾ ಎರಡು ತಿಂಗಳು ಆ ಕಾಗದವನ್ನು ಪುಟಾಣಿ ಗುಮ್ಮಟಗಳ ಸಾಲಿಗೆ ಓದಿ ಹೇಳಿದ. ಬಂದ ಗಿರಾಕಿಗಳು ಪೂಜೆ ನಡೆದಿದೆಯೆಂದು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು!

ಮದುವೆ ಅತ್ತಿಯ ತವರೂರಾದ ಬಬಲೇಶ್ವರದ ಮಂಗಲ ಕಾರ್ಯಾಲಯದಲ್ಲಿ ಆಯಿತು. ಬೀಗರ ಕಡೆಯ ಎಂಟು ಜನ ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಂಡು ಹಾಕಿಸಿಕೊಂಡು ಉಂಡರು. ನಮ್ಮ ಅತ್ತಿ ಮೀನಿನ ವಿಷಯ ಮರೆತು ಬೀಗತಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಟ್ಟಿಕೊಟ್ಟಳು. ತಿಕೋಟಾ ಬಸ್ಸಿನ ಯಮನವ್ವ ಕೂಡ ಬಂದಿದ್ದಳು. ಮಧ್ಯಾಹ್ನ ಇಳಿಹೊತ್ತಿಗೆ ಜಮಖಾನೆ ಹಾಸಿದರು. ಬೀಗತಿ ಸೆರಗು ಹಾಸಿ ಕೂತಳು. ವಿದ್ಯಾ ಪಕ್ಕದಲ್ಲಿ ಕೂತಳು. ಮಾಮಾ ಎದುರು ಕೂತು ಮಗಳ ಕೈಯನ್ನು ಆಕೆಯ ಕೈಯಲ್ಲಿಟ್ಟ. ಇನ್ನೊಂದು ಕೈಯಿಂದ ಜೇಬಿನ ಕಾಗದ ತೆಗೆದ.

ಓದಲಿಲ್ಲ. ಕಾಗದವನ್ನು ಹತ್ತಿರ ತಂದ, ದೂರ ಹಿಡಿದ. ಚಷ್ಮಾ ಒರೆಸಿದ, ಮತ್ತೆ ಹಾಕಿದ. ಕಣ್ಣಲ್ಲಿ ನೀರು ತುಂಬಿದರೆ ಚಷ್ಮಾ ಒರೆಸಿ ಏನು ಬಂತು? ನಾನು ಹಿಂದಿನಿಂದ ಮೊದಲ ಪದ ಪಿಸುಗುಟ್ಟಿದೆ. ಯಮನವ್ವನೂ ಪಿಸುಗುಟ್ಟಿದಳು. ಮಾಮಾನಿಗೆ ಕೇಳಿಸಲಿಲ್ಲ. ಕಾಗದ ಮಡಚಿ ಕೆಳಗಿಟ್ಟು ಬಾಯಿ ತೆರೆದ. ಬಂದದ್ದು ಅಂಗಡಿಯ ಬಂಗಾಳಿ.

"ನಿಯೇ ಜಾನ್" ಅಂದ. ತಗೊಂಡು ಹೋಗ್ರಿ.

ಬೀಗರ ಕಡೆ ಯಾರೋ ಕಿಸಕ್ಕನೆ ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಮುಗಿಯಿತು, ಮಗಳನ್ನು ಟೋಪಿ ಮಾರಿದಂತೆ ಮಾರುತ್ತಾನೆ ಇವನು! ಈಗ ಪಕ್ಕಾ ಬಣ್ಣ ಅನ್ನುತ್ತಾನೆ, ಎರಡು ತಗೊಳ್ಳಿ ಅನ್ನುತ್ತಾನೆ, ನಮ್ಮ ಮಾನ ಬಬಲೇಶ್ವರದ ಬಯಲಿಗೆ ಬೀಳುತ್ತದೆ!

ಮಾಮಾ ಮಾಲು ಹೊಗಳಲಿಲ್ಲ. ಕೊಳ್ಳಲು ಹಿಂದೆ ಮುಂದೆ ನೋಡುವ ಗಿರಾಕಿಗೆ ಹೇಳುವ ಮಾತೊಂದಿದೆ. ಅದನ್ನು ಆಕೆಯ ಮುಖವನ್ನೇ ನೋಡುತ್ತ, ಒಂದೊಂದೇ ಪದವಾಗಿ ಹೇಳಿದ. ನಮ್ಮ ಮಾತಿನಲ್ಲಿ ಅದು ಇಷ್ಟು: "ಮನಸ್ಸಿಗೆ ಬರಲಿಲ್ಲಂದ್ರ ಜಗಳ ಮಾಡಬ್ಯಾಡ್ರಿ. ವಾಪಸ ತಂದು ಕೊಡ್ರಿ. ಯಾಕ ಅಂತ ನಾ ಕೇಳಂಗಿಲ್ಲ. ನಾ ಇಲ್ಲೇ ಇರ್ತೇನಿ. ದಿನಾ ಇರ್ತೇನಿ."

ಅಂಗಡಿಯಲ್ಲಿ ಇದನ್ನು ಹೇಳುವುದಕ್ಕೆ ಏನು ತೊಂದರೆ? ಗುಮ್ಮಟ ನೋಡಿ ಸಾವಿರ ಮೈಲಿ ಹೋದವರು ಟೋಪಿ ವಾಪಸ್ ಕೊಡಲು ಬರುತ್ತಾರೆಯೇ? ಇಷ್ಟು ವರ್ಷದಲ್ಲಿ ಒಬ್ಬರೂ ಬಂದಿಲ್ಲ. ಆದರೆ ಆ ದಿನ ಮಾಮಾ ಆ ಮಾತಿನ ಒಂದೊಂದು ಅಕ್ಷರವನ್ನೂ ನಿಜವಾಗಿಯೇ ಹೇಳಿದ. ಹುಡುಗ ಯಾರಿಗೂ ಏನನ್ನೂ ಬಿಡಿಸಿ ಹೇಳಲು ಹೋಗಲಿಲ್ಲ. ಬೀಗತಿ ವಿದ್ಯಾಳನ್ನು ಎಳೆದು ತನ್ನ ತೊಡೆಗೆ ಒರಗಿಸಿಕೊಂಡು, ಇನ್ನೊಂದು ಕೈಯಿಂದ ಮಾಮಾನ ಕೈ ಹಿಡಿದಳು, ಬಹಳ ಹೊತ್ತು ಬಿಡಲಿಲ್ಲ. ವಿದ್ಯಾ ಎಳೆಗೂಸಿನ ಹಾಗೆ ಅತ್ತಳು.

ನನ್ನ ಕಾಗದದಲ್ಲಿದ್ದದ್ದು ತಪ್ಪಿಲ್ಲದ ಬಂಗಾಳಿ. ತಪ್ಪು ಮಾಡಿದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ ಎಂದು ಬರೆದುಕೊಟ್ಟವಳು ನಾನೇ. ನನ್ನನ್ನೂ ಅದೇ ಮಾತು ಹೇಳಿಯೇ ಕಳಿಸಿದ್ದರು. ಗಂಡನ ಮನೆಗೆ ಹೋದ ಮೊದಲ ವರ್ಷ ಎಷ್ಟು ಸಲ ಬಟ್ಟೆ ಚೀಲ ಕಟ್ಟಿ, ಹೋದರೆ ತವರಿನಲ್ಲಿ ಏನಂದಾರೋ ಎಂದು ಮತ್ತೆ ಬಿಚ್ಚಿ ಇಟ್ಟಿದ್ದೆನೋ, ಅದನ್ನು ನಾನು ಯಾರಿಗೂ ಹೇಳಿಲ್ಲ. ನಮ್ಮ ಮನೆತನದಲ್ಲಿ ಎಷ್ಟೋ ಹೆಣ್ಣುಮಕ್ಕಳನ್ನು ಉಡಿಯಲ್ಲಿ ಹಾಕಿದ್ದಾರೆ, ವಾಪಸ್ ಬಾ ಎಂದು ಒಬ್ಬರಿಗೂ ಹೇಳಿ ಕಳಿಸಿರಲಿಲ್ಲ.

ಪಕ್ಕದಲ್ಲಿ ಅವ್ವ ನಿಂತಿದ್ದಳು. ಅವಳಿಗೆ ಬಂಗಾಳಿಯ ಗಂಧಗಾಳಿ ಇಲ್ಲ. "ಏನಂದಾನ ನನ್ನ ತಮ್ಮ?" ಎಂದು ಕೇಳಿದಳು. ಹೇಳಿದೆ. ಅವ್ವ ತಮ್ಮನನ್ನು ನೋಡಿದಳು. ಆಮೇಲೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು.

"ನಿನಗೂ ಹಂಗ ಅಂದು ಕಳಸಬೇಕಾಗಿತ್ತವಾ" ಅಂದಳು. "ನಮಗ ಬಾಯಿ ಬರಲಿಲ್ಲ."